ವೀರಗಲ್ಲು

ಕಾಳಗದಲ್ಲಿ ಕಾದಿಯೋ, ಊರಿನ ದನಕರುಗಳನ್ನು ಕಳ್ಳರಿಂದ ಬಿಡಿಸಿಯೋ, ಹೆಣ್ಣುಮಕ್ಕಳ ಮಾನ ಕಾದೋ, ಕಾಡುಮೃಗದೊಡನೆ ಸೆಣಸಿಯೋ ಪ್ರಾಣ ಬಿಟ್ಟವನ ನೆನಪಿಗೆ ನೆಟ್ಟ ಕಲ್ಲು ವೀರಗಲ್ಲು. ಹಳಗನ್ನಡ ಶಾಸನಗಳಲ್ಲಿ ಇದಕ್ಕೆ ‘ವೀರಗಲ್’, ‘ಬೀರಗಲ್’ ಎಂಬ ರೂಪಗಳಿವೆ. ಕಲ್ಲನ್ನು ನೆಡುವುದಕ್ಕೆ ‘ಕಲ್ಲ ನಿಲಿಸು’ ಎನ್ನುತ್ತಿದ್ದರು. ಊರ ಬಾಗಿಲು, ಕೆರೆಯ ಏರಿ, ದೇವಾಲಯದ ಅಂಗಳ, ಹೊಲದ ಬದು, ಮಡಿದವನು ಬಿದ್ದ ಜಾಗ, ಇವೆಲ್ಲ ವೀರಗಲ್ಲು ಸಿಗುವ ನೆಲೆಗಳು. ತಾಮ್ರಪಟಗಳೂ ದೊಡ್ಡ ದಾನಶಾಸನಗಳೂ ಹೆಚ್ಚಾಗಿ ಅರಸರ ಮತ್ತು ಶ್ರೀಮಂತರ ಮಾತನ್ನು ಹೇಳುತ್ತವೆ. ಊರಿನ ಸಾಮಾನ್ಯನೊಬ್ಬನ ಹೆಸರು, ಅವನ ತಂದೆಯ ಹೆಸರು, ಅವನು ಸತ್ತ ದಿನ ಮತ್ತು ಸತ್ತ ಕಾರಣ ಚರಿತ್ರೆಯಲ್ಲಿ ಉಳಿದಿದ್ದರೆ ಅದು ಬಹುಮಟ್ಟಿಗೆ ವೀರಗಲ್ಲಿನ ಉಪಕಾರ.

ವ್ಯಾಪ್ತಿ

ವೀರರಿಗೆ ಕಲ್ಲು ನಿಲಿಸುವ ಪದ್ಧತಿ ಕರ್ನಾಟಕದ್ದು ಮಾತ್ರವಲ್ಲ. ತಮಿಳುನಾಡಿನಲ್ಲಿ ಇದನ್ನು ‘ನಡುಕಲ್’ ಎನ್ನುತ್ತಾರೆ. ಕಲ್ಲನ್ನು ನೋಡಿ ಆರಿಸುವುದರಿಂದ ಹಿಡಿದು ಅದನ್ನು ತರುವುದು, ನೀರಿನಲ್ಲಿ ಇರಿಸುವುದು, ನೆಡುವುದು, ಕೊನೆಗೆ ಹೊಗಳಿ ಹಾಡುವುದರ ತನಕ ಈ ವಿಧಿಯ ಆರು ಹಂತಗಳನ್ನು ತಮಿಳಿನ ಪ್ರಾಚೀನ ವ್ಯಾಕರಣವಾದ ತೊಲ್ಕಾಪ್ಪಿಯಂ ಹೆಸರಿಸುತ್ತದೆ. ತೇನಿ ಜಿಲ್ಲೆಯ ಪುಲಿಮಾನ್‌ಕೊಂಬೈಯಲ್ಲಿ 2006ರಲ್ಲಿ ದೊರೆತ ಕಲ್ಲುಗಳ ಮೇಲೆ ತಮಿಳು ಬ್ರಾಹ್ಮಿ ಲಿಪಿಯ ಬರಹವಿದೆ. ವಿದ್ವಾಂಸರು ಅವನ್ನು ಕ್ರಿಸ್ತಪೂರ್ವ ಕಾಲಕ್ಕೆ ಸೇರಿಸುತ್ತಾರೆ. ಅವುಗಳಲ್ಲೊಂದು ತುರುಗಳಿಗಾಗಿ ನಡೆದ ಕಾದಾಟವನ್ನೇ ಹೇಳುತ್ತದೆ. ಗುಜರಾತಿನ ಕಚ್ಛ್ ಮತ್ತು ಸೌರಾಷ್ಟ್ರಗಳಲ್ಲಿ ಇಂಥ ಕಲ್ಲುಗಳಿಗೆ ‘ಪಾಳಿಯಾ’ ಎಂದು ಹೆಸರು. ಮಹಾರಾಷ್ಟ್ರದ ‘ವೀರಗಳ’ ಎಂಬ ಮಾತು ಕನ್ನಡದಿಂದಲೇ ಹೋದದ್ದು. ಮುಂಬಯಿಯ ಬೋರಿವಲಿ ಬಳಿಯ ಎಕ್ಸಾರ್ ಎಂಬಲ್ಲಿರುವ ಕಲ್ಲುಗಳಲ್ಲಿ ಹುಟ್ಟುಗಳನ್ನು ಚಾಚಿದ ಹಡಗುಗಳ ಸಾಲು, ನೌಕಾಯುದ್ಧದ ದೃಶ್ಯ ಕಾಣುತ್ತದೆ. ಆಂಧ್ರದ ಪಲ್ನಾಡಿನ ಕಾರೆಂಪೂಡಿಯಲ್ಲಿ ಮಡಿದ ವೀರರಿಗೆ ಗುಡಿಯೇ ಇದ್ದು, ಕಾರ್ತಿಕದಲ್ಲಿ ಉತ್ಸವ ನಡೆಯುತ್ತದೆ.

ಸಂಖ್ಯೆಯಲ್ಲೂ ಶಿಲ್ಪದ ಸೊಗಸಿನಲ್ಲೂ ಕರ್ನಾಟಕದ ವೀರಗಲ್ಲುಗಳಿಗೆ ಸಾಟಿಯಿಲ್ಲ. ಇಲ್ಲಿ ಬೆಳಕಿಗೆ ಬಂದಿರುವುವೇ 2,500ಕ್ಕೂ ಹೆಚ್ಚು. ಶಿವಮೊಗ್ಗ ಜಿಲ್ಲೆಯ ಸೊರಬ, ಶಿಕಾರಿಪುರ, ಸಾಗರ ತಾಲ್ಲೂಕುಗಳಲ್ಲಿ, ಅವಕ್ಕೆ ತಾಗಿದ ಹಾವೇರಿ ಮತ್ತು ಉತ್ತರ ಕನ್ನಡದ ಬನವಾಸಿ ಸೀಮೆಯಲ್ಲಿ ಇವು ದಟ್ಟವಾಗಿವೆ. ಬನವಾಸಿ ನಾಡು ಬಹುಕಾಲ ಒಂದು ರಾಜ್ಯಕ್ಕೂ ಇನ್ನೊಂದು ರಾಜ್ಯಕ್ಕೂ ನಡುವಿನ ಗಡಿನೆಲ. ದಾಳಿ ಬಂದಾಗಲೆಲ್ಲ ಮೊದಲು ತುಳಿತಕ್ಕೆ ಸಿಕ್ಕಿದ್ದು ಅಲ್ಲಿನ ಹಳ್ಳಿಗಳು. ಕೋಲಾರ, ಬೆಂಗಳೂರು, ಮಂಡ್ಯ, ಹಾಸನ ಜಿಲ್ಲೆಗಳಲ್ಲಿ ಗಂಗರ, ನೊಳಂಬರ, ಚೋಳರ, ಹೊಯ್ಸಳರ ಕಾಲದ ಕಲ್ಲುಗಳು ಬೇಕಾದಷ್ಟಿವೆ. ಸಂಖ್ಯೆ ತೀರ ಹೆಚ್ಚುವುದು 10ರಿಂದ 13ನೆಯ ಶತಮಾನದ ಅವಧಿಯಲ್ಲಿ. ರಾಷ್ಟ್ರಕೂಟ, ಚಾಲುಕ್ಯ, ಚೋಳ, ಹೊಯ್ಸಳ, ಸೇವುಣರ ನಡುವೆ ಯುದ್ಧಕ್ಕೆ ಬಿಡುವೇ ಇಲ್ಲದ ಕಾಲ ಅದು.

ಕಲ್ಲಿನ ರಚನೆ

ತೀರ ಹಳೆಯ ವೀರಗಲ್ಲುಗಳು ಸರಳ. ಒರಟು ಬಂಡೆಯ ನಡುವೆ ಬಿಲ್ಲೋ ಕತ್ತಿಯೋ ಹಿಡಿದ ವೀರನೊಬ್ಬನಿರುತ್ತಾನೆ. ಅವನ ಸುತ್ತ ಉಳಿದ ಜಾಗದಲ್ಲಿ ನಾಲ್ಕಾರು ಸಾಲಿನ ಬರಹವಿರುತ್ತದೆ. ಮುಂದೆ ಕಲ್ಲನ್ನು ಅಡ್ಡಪಟ್ಟಿಗಳಿಂದ ಅಂಕಣಗಳಾಗಿ ಹಂಚಿ ಕಥೆ ಹೇಳುವ ಕ್ರಮ ನೆಲೆಗೊಂಡಿತು. ಮೂರು ಅಂಕಣಗಳದ್ದು ಸಾಮಾನ್ಯ. ನಾಲ್ಕು, ಐದು ಅಂಕಣಗಳ ಕಲ್ಲುಗಳೂ ಇವೆ.

ವೀರಗಲ್ಲನ್ನು ಓದಬೇಕಾದದ್ದು ಕೆಳಗಿನಿಂದ ಮೇಲಕ್ಕೆ. ಬುಡದ ಅಂಕಣದಲ್ಲಿ ಈ ಲೋಕದ ಕೊನೆಯ ಗಳಿಗೆ. ವೀರ ಒಂದು ಕಾಲು ಮುಂದಿಟ್ಟು ಬಿಲ್ಲನ್ನು ಕಿವಿಯವರೆಗೆ ಎಳೆದಿದ್ದಾನೆ, ಇಲ್ಲವೆ ಹಲಗೆ ಅಡ್ಡ ಹಿಡಿದು ಕತ್ತಿ ಎತ್ತಿದ್ದಾನೆ. ಎದುರಾಳಿಗಳ ಬಾಣಗಳು ಅವನ ಮೈಗೆ ನಾಟಿವೆ. ಕಾಲಕೆಳಗೆ ಬಿದ್ದವರಿದ್ದಾರೆ. ಹಿನ್ನೆಲೆಯಲ್ಲಿ ದನಗಳ ಹಿಂಡಿದ್ದರೆ ಅದು ತುರುಗಾಳಗ, ಹೆಣ್ಣೊಬ್ಬಳಿದ್ದರೆ ಅವಳ ಮಾನರಕ್ಷಣೆಯ ಪ್ರಸಂಗ ಎಂದು ಗುರುತಿಸಬಹುದು. ನಡುವಿನ ಅಂಕಣದಲ್ಲಿ ಅಪ್ಸರೆಯರು ಎಡಬಲಕ್ಕೆ ನಿಂತು ಅವನ ತೋಳು ಹಿಡಿದು ಮೇಲಕ್ಕೆ ಕರೆದೊಯ್ಯುತ್ತಾರೆ. ಕೆಲವು ಕಲ್ಲುಗಳಲ್ಲಿ ಅವನು ವಿಮಾನದಲ್ಲಿ ಕುಳಿತಿರುತ್ತಾನೆ, ಅವರು ಚಾಮರ ಬೀಸುತ್ತಾರೆ. ಕೆಳಗೆ ಹಲ್ಲು ಕಚ್ಚಿ ಕಾದಿದವನ ಮುಖ ಇಲ್ಲಿ ಶಾಂತವಾಗಿದೆ. ಮೇಲಿನ ಅಂಕಣ ಕೈಲಾಸ. ಶಿವಲಿಂಗ, ನಂದಿ, ಪೂಜಿಸುವ ಗೊರವ, ಪಕ್ಕದಲ್ಲಿ ಕೈಮುಗಿದು ಕುಳಿತ ವೀರ. ನೆತ್ತಿಯಲ್ಲಿ ಸೂರ್ಯ ಮತ್ತು ಚಂದ್ರ, ಅವೆರಡೂ ಇರುವ ತನಕ ಈ ಕೀರ್ತಿ ಇರಲಿ ಎಂಬುದಕ್ಕೆ. ಮಡಿದವನು ಜೈನನಾಗಿದ್ದರೆ ಲಿಂಗದ ಜಾಗದಲ್ಲಿ ಜಿನಬಿಂಬ ಬರುತ್ತದೆ.

ಮಲೆನಾಡಿನ ಬಳಪದ ಕಲ್ಲಿನಲ್ಲಿ ಕೆತ್ತಿದ ವೀರಗಲ್ಲುಗಳಲ್ಲಿ ಕುದುರೆಯ ಜೀನು, ಆನೆಯ ಗಂಟೆ, ತುರುಬಿನ ಕಟ್ಟು, ಕಟಾರಿಯ ಹಿಡಿ, ಕಾಲ ಕಡಗ ಎಲ್ಲ ಸ್ಪಷ್ಟ. ಬಯಲುಸೀಮೆಯ ಕಗ್ಗಲ್ಲು ಅಷ್ಟು ನಯಕ್ಕೆ ಒಗ್ಗುವುದಿಲ್ಲ. ಅಲ್ಲಿನ ಕಲ್ಕುಟಿಗರು ಕಡಿಮೆ ಗೆರೆಗಳಲ್ಲಿ ಹೆಚ್ಚು ಚಲನೆ ತಂದಿದ್ದಾರೆ. ದೇವಾಲಯದ ಗೋಡೆಯ ಮೇಲೆ ರಾಮಾಯಣ ಮತ್ತು ಮಹಾಭಾರತಗಳ ಯುದ್ಧ ಕಂಡರೆ, ವೀರಗಲ್ಲಿನ ಮೇಲೆ ಕಾಣುವುದು ಆ ಕಾಲದ ಹಳ್ಳಿಯವರು ನಿಜವಾಗಿ ಹಿಡಿದ ಆಯುಧ, ನಿಜವಾಗಿ ಉಟ್ಟ ಬಟ್ಟೆ. ಉಡುಪು, ಆಯುಧ, ಕೇಶವಿನ್ಯಾಸಗಳ ಚರಿತ್ರೆ ಬರೆಯುವವರಿಗೆ ಇದಕ್ಕಿಂತ ನಂಬಿಕೆಯ ಆಕರ ಕಡಿಮೆ.

ಬರಹದ ಕ್ರಮ

ಬರಹವಿಲ್ಲದ ವೀರಗಲ್ಲುಗಳೇ ಬಹಳ. ಬರಹವಿರುವಲ್ಲಿ ಅದು ಅಂಕಣಗಳ ನಡುವಿನ ಪಟ್ಟಿಗಳಲ್ಲಿ ಹರಿದಿರುತ್ತದೆ. ಮೊದಲಿಗೆ ‘ಸ್ವಸ್ತಿ’, ಆಮೇಲೆ ಆಳುತ್ತಿದ್ದ ಅರಸನ ಹೆಸರು, ಅವನ ಕೆಳಗೆ ಆ ನಾಡನ್ನು ನೋಡಿಕೊಳ್ಳುತ್ತಿದ್ದ ಅಧಿಕಾರಿಯ ಹೆಸರು ಬರುತ್ತವೆ. ಕಾಲವನ್ನು ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರಗಳಿಂದ ಹೇಳುತ್ತಾರೆ. ಶಕವರ್ಷಕ್ಕೆ 78 ಕೂಡಿದರೆ ಸಾಮಾನ್ಯವಾಗಿ ಕ್ರಿಸ್ತಶಕದ ವರ್ಷ ಸಿಗುತ್ತದೆ. ಬಳಿಕ ಘಟನೆ, ಸಾವು, ಕಲ್ಲು ನಿಲಿಸಿದವರ ಹೆಸರು. ಹೆಚ್ಚಿನ ಕಲ್ಲುಗಳನ್ನು ನಿಲಿಸಿದವರು ಮಗ, ತಮ್ಮ, ಹೆಂಡತಿ, ಇಲ್ಲವೆ ಇಡೀ ಊರು. ಕೆಲವೆಡೆ ಕಲ್ಲನ್ನು ಕಂಡರಿಸಿದ ರೂವಾರಿಯ ಹೆಸರೂ ಇದೆ. ಕೊನೆಯಲ್ಲಿ ದಾನದ ವಿವರ, ಅದನ್ನು ಅಳಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ತಟ್ಟಲಿ ಎಂಬ ಶಾಪ.

ಹಲವು ಕಲ್ಲುಗಳಲ್ಲಿ ಒಂದೇ ಸಂಸ್ಕೃತ ಶ್ಲೋಕ ಮತ್ತೆ ಮತ್ತೆ ಕಾಣುತ್ತದೆ. ಗೆದ್ದರೆ ಸಿರಿ, ಸತ್ತರೆ ದೇವಲೋಕದ ಹೆಣ್ಣುಗಳು, ಕ್ಷಣದಲ್ಲಿ ಅಳಿಯುವ ಈ ಮೈಯ ಬಗ್ಗೆ ರಣದಲ್ಲಿ ಏಕೆ ಚಿಂತೆ ಎಂಬುದು ಅದರ ತಾತ್ಪರ್ಯ. ಆ ಕಾಲದ ಯೋಧರಿಗೆ ಕಲಿಸಿದ ಧರ್ಮವೆಲ್ಲ ಇಷ್ಟರಲ್ಲಿದೆ. ಕನ್ನಡ ಬರಹವಾದರೋ ಇದಕ್ಕಿಂತ ನೇರ. ಯಾರು, ಯಾವ ಊರಿಗಾಗಿ, ಯಾರ ಮೇಲೆ ಬಿದ್ದು, ಎಷ್ಟು ಮಂದಿಯನ್ನು ಇರಿದು ಸತ್ತನೆಂಬುದನ್ನು ನಾಲ್ಕು ಮಾತಿನಲ್ಲಿ ಮುಗಿಸುತ್ತದೆ. ಕನ್ನಡ ಗದ್ಯದ ಬಿಗಿಯನ್ನು ಅರಿಯಲು ಇವು ಒಳ್ಳೆಯ ಪಾಠಗಳು.

ಸಾವಿನ ಸಂದರ್ಭಗಳು

ಶಾಸನಗಳೇ ಬಳಸುವ ಮಾತುಗಳಿಂದ ಸಂದರ್ಭಗಳನ್ನು ವಿಂಗಡಿಸಬಹುದು. ಅವುಗಳಲ್ಲಿ ಮುಖ್ಯವಾದದ್ದು ‘ತುರುಗೊಳ್’, ಅಂದರೆ ದನಗಳ ಅಪಹರಣ. ದನವೇ ಧನವಾಗಿದ್ದ ಕಾಲದಲ್ಲಿ ಹಿಂಡನ್ನು ಹೊಡೆದುಕೊಂಡು ಹೋಗುವುದೆಂದರೆ ಊರಿನ ಉಳುಮೆ, ಹಾಲು, ಗೊಬ್ಬರ ಎಲ್ಲವನ್ನೂ ಒಯ್ದಂತೆ. ಮಳೆ ಬಾರದಿದ್ದಾಗ ನಮ್ಮ ಹಳ್ಳಿಗಳಲ್ಲಿ ಓದಿಸುವ ವಿರಾಟಪರ್ವದಲ್ಲಿ ಕೌರವರು ಮಾಡುವುದೂ ಇದನ್ನೇ. ಆ ಪ್ರಸಂಗ ಕನ್ನಡಿಗರಿಗೆ ಇಷ್ಟು ಹತ್ತಿರವಾಗಲು ಅದು ಅವರ ಅಂಗಳದಲ್ಲೇ ನಡೆಯುತ್ತಿದ್ದದ್ದೂ ಒಂದು ಕಾರಣವಾಗಿರಬೇಕು. ತುರುಗಳನ್ನು ಬಿಡಿಸಿ ಹಿಂದಕ್ಕೆ ತರುವುದನ್ನು ಶಾಸನಗಳು ‘ತುರುವಂ ಮಗುಳ್ಚು’ ಎನ್ನುತ್ತವೆ. ದನ ಮರಳಿ ಹಟ್ಟಿಗೆ ಬಂತು, ಬಿಡಿಸಿ ತಂದವನು ಬರಲಿಲ್ಲ ಎಂಬ ಕಥೆ ನೂರಾರು ಕಲ್ಲುಗಳ ಮೇಲಿದೆ.

‘ಪೆಣ್ಬುಯ್ಯಲ್’ ಇನ್ನೊಂದು ಬಗೆ. ಪೆಣ್ ಎಂದರೆ ಹೆಣ್ಣು, ಪುಯ್ಯಲ್ ಎಂದರೆ ಕಾಪಾಡಿರೆಂಬ ಮೊರೆ. ಆ ಮೊರೆ ಕೇಳಿ ಓಡಿದವನ ಕಲ್ಲು ಇದು. ‘ಊರಳಿವು’ ಎಂದರೆ ಊರಿಗೇ ದಾಳಿಯಿಟ್ಟು ಸೂರೆ ಮಾಡುವುದು. ಎರಡು ಊರುಗಳ ನಡುವಿನ ಗಡಿಜಗಳ, ದಾರಿಗಳ್ಳರೊಡನೆ ಕಾದಾಟ, ಹುಲಿ ಮತ್ತು ಹಂದಿಯ ಬೇಟೆ ಕೂಡ ಕಲ್ಲು ಪಡೆದ ಸಂದರ್ಭಗಳೇ. ಅರಸರ ದೊಡ್ಡ ಯುದ್ಧಗಳಲ್ಲಿ ಸತ್ತವರ ಕಲ್ಲುಗಳೂ ಇವೆ. ಆದರೆ ಊರ ಜಗಳದ, ಊರ ರಕ್ಷಣೆಯ ಕಲ್ಲುಗಳ ಸಂಖ್ಯೆ ನೋಡಿದರೆ ಆ ಕಾಲದ ಹಳ್ಳಿ ತನ್ನ ಬದುಕನ್ನು ತಾನೇ ಕಾಯ್ದುಕೊಳ್ಳಬೇಕಾಗಿತ್ತು ಎಂಬುದು ತಿಳಿಯುತ್ತದೆ. ಹೀಗೆ ಮಡಿದವರಲ್ಲಿ ಗಾವುಂಡರಿದ್ದಾರೆ, ಬೇಡರಿದ್ದಾರೆ, ತುರು ಕಾಯುವವರಿದ್ದಾರೆ. ವೀರಗಲ್ಲಿಗೆ ಹುಟ್ಟು ಅಡ್ಡಬರಲಿಲ್ಲ ಎಂಬುದು ಈ ಸಂಪ್ರದಾಯದ ದೊಡ್ಡ ಗುಣ.

ಕೆಲವು ಪ್ರಸಿದ್ಧ ವೀರಗಲ್ಲುಗಳು

ಹೆಬ್ಬಾಳ: ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ನೆಲ ಅಗೆಯುವಾಗ ದೊರೆತ ಕಲ್ಲು ಕಿತ್ತಯ್ಯ ಎಂಬವನದು. ಗಂಗರ ಶ್ರೀಪುರುಷನ ಆಳ್ವಿಕೆಯ, ಸುಮಾರು ಕ್ರಿ.ಶ. 750ರ ಬರಹ ಅದರ ಮೇಲಿದೆ. ರಾಷ್ಟ್ರಕೂಟರ ಕಡೆಯವರು ಈ ನಾಡಿನ ಮೇಲೆ ಬಂದಾಗ ಕಿತ್ತಯ್ಯ ಕಾದಿ ಸತ್ತನೆಂದು ಅದು ಹೇಳುತ್ತದೆ. ಬೆಂಗಳೂರು ನಗರದಲ್ಲಿ ಸಿಕ್ಕಿರುವ ಅತಿ ಹಳೆಯ ಕನ್ನಡ ಬರಹಗಳಲ್ಲಿ ಇದಕ್ಕೆ ಮುಖ್ಯ ಸ್ಥಾನ. ಸ್ಥಳೀಯರು ಮತ್ತು ಶಾಸನಾಸಕ್ತರು ಕೂಡಿ ಅದನ್ನು ಉಳಿಸಿಕೊಂಡು, ಮಂಟಪವೊಂದರ ನೆರಳನ್ನೂ ಒದಗಿಸಿದರು.

ಬೇಗೂರು: ಬೇಗೂರಿನ ನಾಗೇಶ್ವರ ದೇವಾಲಯದ ಪರಿಸರ ಗಂಗರ ಕಾಲದ ಎರಡು ಅಮೂಲ್ಯ ಶಾಸನಗಳನ್ನು ಕೊಟ್ಟಿದೆ. ಒಂದರಲ್ಲಿ ಗಂಗ ಎರೆಯಪ್ಪನ ಪರವಾಗಿ ತುಂಬೆಪಾಡಿಯಲ್ಲಿ ಆನೆಗಳ ನಡುವೆ ಕಾದಿ ಮಡಿದ ನಾಗತ್ತರನ ವೃತ್ತಾಂತವಿದೆ. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆ ಕಲ್ಲಿನ ಮುಂದೆ ನಿಂತರೆ ಒಂದಿಂಚು ಖಾಲಿ ಜಾಗ ಕಾಣುವುದಿಲ್ಲ. ಆನೆಯ ಮೇಲೆ ನುಗ್ಗುವ ಕುದುರೆಯ ಸವಾರ, ಒತ್ತಿಕೊಂಡು ನಿಂತ ಕಾಲಾಳುಗಳು, ಬುಡದಲ್ಲಿ ಬಿದ್ದ ದೇಹಗಳು, ಎಲ್ಲವೂ ಒಂದರ ಮೇಲೊಂದು. ಇನ್ನೊಂದು ಸುಮಾರು ಕ್ರಿ.ಶ. 890ರ ಬರಹ. ನಾಗತ್ತರನ ಕಡೆಯವನೊಬ್ಬ ‘ಬೆಂಗಳೂರ ಕಾಳಗ’ದಲ್ಲಿ ಮಡಿದದ್ದನ್ನು ಅದು ದಾಖಲಿಸುತ್ತದೆ. ಹೊಯ್ಸಳ ವೀರಬಲ್ಲಾಳ ಬೆಂದ ಕಾಳು ತಿಂದದ್ದರಿಂದ ‘ಬೆಂದಕಾಳೂರು’ ಎಂಬ ಹೆಸರು ಬಂತೆಂದು ನಾವೆಲ್ಲ ಕೇಳಿ ಬೆಳೆದ ಕಥೆಯಿದೆಯಷ್ಟೆ. ಆ ಬಲ್ಲಾಳ ಆಳಿದ್ದು 1173ರಿಂದ 1220ರವರೆಗೆ. ಅವನಿಗೆ ಸುಮಾರು ಮುನ್ನೂರು ವರ್ಷ ಮೊದಲೇ ಬೆಂಗಳೂರು ಎಂಬ ಊರಿತ್ತು, ಅಲ್ಲಿ ಒಂದು ಕಾಳಗವೂ ನಡೆದಿತ್ತು. ಮಹಾನಗರವೊಂದರ ಹೆಸರಿನ ಅತಿ ಹಳೆಯ ದಾಖಲೆಯನ್ನು ನಮಗೆ ಉಳಿಸಿಕೊಟ್ಟದ್ದು ಒಬ್ಬನ ಸಾವಿನ ನೆನಪು.

ಆತಕೂರು: ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು ಒಂದು ನಾಯಿಯದು. ಕ್ರಿ.ಶ. 949ರಲ್ಲಿ ತಕ್ಕೋಲದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನಿಗೂ ಚೋಳ ರಾಜಾದಿತ್ಯನಿಗೂ ದೊಡ್ಡ ಯುದ್ಧವಾಯಿತು. ಕೃಷ್ಣನ ಪಕ್ಷದಲ್ಲಿದ್ದ ಗಂಗ ಇಮ್ಮಡಿ ಬೂತುಗನ ಕೈಯಲ್ಲಿ ರಾಜಾದಿತ್ಯ ಮಡಿದ. ಬೂತುಗನ ಭಟ ಮಣಲೇರ ಆ ಯುದ್ಧದಲ್ಲಿ ತೋರಿದ ಶೌರ್ಯವನ್ನು ಮೆಚ್ಚಿದ ಅರಸ, ಬೇಕಾದದ್ದನ್ನು ಬೇಡೆಂದ. ಮಣಲೇರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಬೆಳತೂರಿನ ಪಡುವಣ ದಿಣ್ಣೆಯಲ್ಲಿ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಅದರ ನೆನಪಿಗೆ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲಿಸಿ, ದೊಡ್ಡ ಕೆರೆಯ ಕೆಳಗೆ ಎರಡು ಕಂಡುಗ ಭೂಮಿ ಬಿಟ್ಟರು. ಆ ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ನಾಯಿಯ ಪಾಪ ತಟ್ಟುತ್ತದೆಂದೂ ಬರೆಸಿದರು. ಕಲ್ಲಿನ ಮೇಲ್ಭಾಗದಲ್ಲಿ ನಾಯಿ ಮತ್ತು ಹಂದಿ ಒಂದರ ಮೇಲೊಂದು ಎರಗಿದ ಚಿತ್ರವಿದೆ. ದಕ್ಷಿಣ ಭಾರತದ ರಾಜಕೀಯವನ್ನೇ ತಿರುಗಿಸಿದ ತಕ್ಕೋಲದ ಯುದ್ಧಕ್ಕೆ ಇದು ಮುಖ್ಯ ಆಕರ. ಚರಿತ್ರಕಾರರು ಚೋಳರ ಸೋಲಿನ ವಿವರವನ್ನು ಒಂದು ನಾಯಿಯ ಸಮಾಧಿಲೇಖದಲ್ಲಿ ಓದುತ್ತಾರೆ. ಈ ಕಲ್ಲೂ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಗೆ ಗೌರವ ತೋರಿದ ಕಲ್ಲು ಇದೊಂದೇ ಅಲ್ಲ. ತಮಿಳುನಾಡಿನ ತಿರುವಣ್ಣಾಮಲೈ ಸೀಮೆಯ ಎಡುತ್ತನೂರಿನಲ್ಲಿ ಪಲ್ಲವ ಮಹೇಂದ್ರವರ್ಮನ ಕಾಲದ ವೀರನ ಪಕ್ಕದಲ್ಲಿ ಕಳ್ಳರನ್ನು ಕಚ್ಚಿದ ಅವನ ನಾಯಿ ಕೋವಿವನ್ ನಿಂತಿದೆ, ಹೆಸರಿನ ಸಮೇತ.

ಒಡೆಯನಿಗಾಗಿ ಸಾವು

ಎಲ್ಲ ಸ್ಮಾರಕಗಳೂ ಕಾದಿ ಸತ್ತವರವಲ್ಲ. ಒಡೆಯ ಸತ್ತಾಗ ತಾನೂ ಸಾಯುವೆನೆಂದು ಭಾಷೆ ಕೊಟ್ಟವರಿದ್ದರು. ಉಂಡ ಜೋಳದ ಋಣ ತೀರಿಸುವುದು ‘ಜೋಳವಾಳಿ’, ಹೊತ್ತು ಬಂದಾಗ ಪ್ರಾಣ ಕೊಡುವುದು ‘ವೇಳೆವಾಳಿ’. ಅರಸನ ಸಮಾಧಿಯ ಕುಣಿಯಲ್ಲಿ ಅವನ ಕೆಳಗೆ ತಾನೂ ಹೂತುಹೋಗುವುದು ‘ಕೀಳ್ಗುಂಟೆ’. ತಿರುಮಕೂಡಲು ನರಸೀಪುರ ಸೀಮೆಯ ದೊಡ್ಡಹುಂಡಿಯ ಕಲ್ಲಿನಲ್ಲಿ ಗಂಗ ನೀತಿಮಾರ್ಗ ಮಂಚದ ಮೇಲೆ ಒರಗಿ ಸಾಯುತ್ತಿದ್ದಾನೆ. ಹತ್ತಿರ ಮಗ ನಿಂತಿದ್ದಾನೆ, ಒಡೆಯನನ್ನು ನಂಬಿದ ಭಟ ಅಗರಯ್ಯನಿದ್ದಾನೆ. ಅಗರಯ್ಯ ಅರಸನಿಗೆ ಕೀಳ್ಗುಂಟೆಯಾದನೆಂದು ಬರಹ ಹೇಳುತ್ತದೆ. ಸುಮಾರು ಕ್ರಿ.ಶ. 870ರ ಈ ಶಿಲ್ಪದಲ್ಲಿ ಯುದ್ಧವಿಲ್ಲ, ಒಂದು ಮನೆಯೊಳಗಿನ ಮೌನವಿದೆ.

ಹೊಯ್ಸಳರ ಕಾಲದಲ್ಲಿ ಇಂಥವರಿಗೆ ‘ಗರುಡ’ರೆಂದು ಹೆಸರು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯ ಗರುಡಗಂಬ ಕುವರ ಲಕ್ಷ್ಮನದು. ಇಮ್ಮಡಿ ವೀರಬಲ್ಲಾಳ 1220ರಲ್ಲಿ ತೀರಿಕೊಂಡಾಗ ಅವನ ದಂಡನಾಯಕನಾಗಿದ್ದ ಲಕ್ಷ್ಮ, ಹೆಂಡತಿ ಸುಗ್ಗಲದೇವಿಯೊಡನೆ, ಸಾವಿರ ಮಂದಿ ಸಂಗಡಿಗರೊಡನೆ ಪ್ರಾಣ ಕೊಟ್ಟನೆಂದು ಅಲ್ಲಿನ ಬರಹ ಹೇಳುತ್ತದೆ. ಕಂಬದ ಸುತ್ತ ತಮ್ಮ ತಲೆಯನ್ನು ತಾವೇ ಕಡಿದುಕೊಳ್ಳುತ್ತಿರುವ ಆಳುಗಳ ಶಿಲ್ಪಗಳಿವೆ. ಕೃಷ್ಣರಾಜಪೇಟೆ ತಾಲ್ಲೂಕಿನ ಅಗ್ರಹಾರ ಬಾಚಹಳ್ಳಿಯ ಕಂಬಗಳ ತಲೆಯ ಮೇಲೆ ಆನೆಗಳಿವೆ. ತಲೆಮಾರು ತಲೆಮಾರಾಗಿ ಹೊಯ್ಸಳ ದೊರೆಗಳೊಡನೆ ಸತ್ತ ಒಂದೇ ಮನೆತನದವರ ಹೆಸರುಗಳನ್ನು ಅವು ಹೇಳುತ್ತವೆ. ಬಗ್ಗಿಸಿದ ಬಿದಿರಿಗೆ ಜುಟ್ಟು ಕಟ್ಟಿಕೊಂಡು ಕುಳಿತವನ ತಲೆ ಕತ್ತಿಯ ಏಟಿಗೆ ಸಿಡಿದು ಹೋಗುವ ದೃಶ್ಯ ‘ಸಿಡಿತಲೆ’ ಕಲ್ಲುಗಳದು. ಹರಕೆ ಹೊತ್ತು ಮಾಡಿಕೊಂಡ ಬಲಿ ಅದು. ಇವನ್ನು ನೋಡುವಾಗ ನಿಷ್ಠೆಯ ಬಗ್ಗೆ ಬೆರಗೂ, ಆಳಿನ ಪ್ರಾಣಕ್ಕೆ ಒಡೆಯನ ಪ್ರಾಣದಿಂದ ಬೇರೆ ಬೆಲೆಯೇ ಇರಲಿಲ್ಲವಲ್ಲ ಎಂಬ ನೋವೂ ಒಟ್ಟಿಗೆ ಏಳುತ್ತವೆ.

ಮಾಸ್ತಿಕಲ್ಲು ಮತ್ತು ನಿಷಿಧಿ

ಗಂಡನೊಡನೆ ಚಿತೆಯೇರಿದವಳ ಕಲ್ಲು ಮಹಾಸತಿಕಲ್ಲು, ಜನರ ಬಾಯಲ್ಲಿ ಮಾಸ್ತಿಕಲ್ಲು. ಕಂಬದಿಂದ ಹೊರಬಂದು ಮೊಣಕೈಯಲ್ಲಿ ಮಡಿಸಿ ಮೇಲೆತ್ತಿದ ಬಳೆ ತೊಟ್ಟ ಕೈ ಇದರ ಗುರುತು. ಕೈಯಲ್ಲಿ ನಿಂಬೆಹಣ್ಣು ಇರುವುದುಂಟು. ವೀರ ಮತ್ತು ಸತಿ ಇಬ್ಬರೂ ಒಂದೇ ಕಲ್ಲಿನಲ್ಲಿದ್ದರೆ ಅದು ವೀರಮಾಸ್ತಿಕಲ್ಲು. ಮಾಲೂರು ತಾಲ್ಲೂಕಿನ ಮಾಸ್ತಿ ಎಂಬ ಊರಿನ ಹೆಸರೂ ಮಹಾಸತಿಯಿಂದ ಬಂದದ್ದೆನ್ನುತ್ತಾರೆ. ಆ ಊರು ಮಾಸ್ತಿ ವೆಂಕಟೇಶ ಅಯ್ಯಂಗಾರರ ಹೆಸರಿನಲ್ಲಿ ಕನ್ನಡಿಗರೆಲ್ಲರ ನಾಲಗೆಗೆ ಬಂತು. ಹೆಗ್ಗಡದೇವನಕೋಟೆ ಸೀಮೆಯ ಬೆಳತೂರಿನಲ್ಲಿರುವ 1057ರ ಶಾಸನ ದೇಕಬ್ಬೆಯದು. ಅವಳ ಗಂಡ ಏಚನಿಗೆ ತಲಕಾಡಿನಲ್ಲಿ ಮರಣದಂಡನೆಯಾಯಿತು. ಸುದ್ದಿ ಕೇಳಿ ಬೆಂಕಿಗೆ ಹೊರಟ ಮಗಳನ್ನು ತಂದೆ ರವಿಗನೂ ತಾಯಿಯೂ ಬಂಧುಗಳೂ ಅಂಗಲಾಚಿ ತಡೆದರು. ಅವಳು ನಿಲ್ಲಲಿಲ್ಲ. ಮಲ್ಲನೆಂಬ ಕವಿ ಬರೆದ ಆ ಪದ್ಯಗಳಲ್ಲಿ ತಡೆದವರ ಅಳುವೂ ಅವಳ ಹಟವೂ ಅಷ್ಟೇ ಗಟ್ಟಿಯಾಗಿ ಕೇಳಿಸುತ್ತವೆ. ಈ ಪದ್ಧತಿ ಹೆಣ್ಣಿನ ಬದುಕಿಗೆ ಮಾಡಿದ ಅನ್ಯಾಯವನ್ನು ಮರೆತು ಮಾಸ್ತಿಕಲ್ಲಿಗೆ ಕೈಮುಗಿಯಲಾಗದು. ಅಲ್ಲಿ ಉರಿದವಳ ಹೆಸರನ್ನು ಅಳಿಸಿಹಾಕುವುದೂ ಸಲ್ಲದು.

ಸಲ್ಲೇಖನ ವ್ರತದಿಂದ ದೇಹ ಬಿಟ್ಟ ಜೈನರ ಕಲ್ಲು ನಿಷಿಧಿ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಇಂಥ ಬರಹಗಳು ಅನೇಕ. 10ನೆಯ ಶತಮಾನದ ಆದಿಯಲ್ಲಿ ನಾಗರಖಂಡ 70 ಎಂಬ ನಾಡಿನ ಆಡಳಿತ ನೋಡುವ ನಾಳ್ಗಾವುಂಡನಾಗಿದ್ದ ಗಂಡ ತೀರಿಕೊಂಡ ಬಳಿಕ ಆ ಅಧಿಕಾರವನ್ನು ತಾನೇ ವಹಿಸಿಕೊಂಡು ನಡೆಸಿದ ಜಕ್ಕಿಯಬ್ಬೆ, ಕಾಯಿಲೆ ಬಿದ್ದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ, ಬಂದಣಿಕೆಯ ಬಸದಿಯಲ್ಲಿ ಸಲ್ಲೇಖನದಿಂದ ಮುಡಿಪಿದಳು. ಹೆಣ್ಣೊಬ್ಬಳು ನಾಡಿನ ಆಡಳಿತ ನೋಡಿಕೊಂಡ ಸಂಗತಿ ಹೀಗೆ ಒಂದು ಸಾವಿನ ದಾಖಲೆಯಿಂದಲೇ ತಿಳಿದುಬಂತು.

ಉಳಿದವರಿಗೆ ಕೊಟ್ಟದ್ದು

ಮಡಿದವನಿಗೆ ಸ್ವರ್ಗವೆಂದು ಹೇಳಿ ಊರು ಸುಮ್ಮನಾಗುತ್ತಿರಲಿಲ್ಲ. ಕಲ್ಲು ನಿಲಿಸುವಾಗ ಅವನ ಮನೆಯವರಿಗೆ ಕೊಟ್ಟ ಭೂಮಿ ‘ಕಲ್ನಾಡು’. ಸುರಿದ ರಕ್ತಕ್ಕೆ ಕೊಟ್ಟದ್ದು ‘ನೆತ್ತರುಗೊಡಗೆ’. ಗೆದ್ದು ಬಂದವನ ಕತ್ತಿ ತೊಳೆದು ಕೊಟ್ಟ ದತ್ತಿಗೆ ‘ಬಾಳ್ಗಳ್ಚು’ ಎಂದು ಹೆಸರು. ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನ ಇಲ್ಲಿ ನೆನಪಾಗಬೇಕು. ಕನ್ನಡದ ಆದಿಶಾಸನವೆಂದು ನಾವು ಶಾಲೆಯಿಂದಲೂ ಓದಿಕೊಂಡು ಬಂದ ಆ ಬರಹ, ಯುದ್ಧದಲ್ಲಿ ಪರಾಕ್ರಮ ತೋರಿದ ವಿಜಾರಸನಿಗೆ ಊರುಗಳನ್ನು ಬಾಳ್ಗಳ್ಚಾಗಿ ಕೊಟ್ಟ ದಾಖಲೆ. ಕನ್ನಡ ಭಾಷೆ ಕಲ್ಲಿನ ಮೇಲೆ ಮಾತಾಡಿದ ಮೊದಮೊದಲ ಸಂದರ್ಭಗಳಲ್ಲೊಂದು ಒಬ್ಬ ಯೋಧನಿಗೆ ಸಲ್ಲಿಸಿದ ಗೌರವ. ಸುಮಾರು 500ರದ್ದೆಂದು ಎಣಿಸುವ ಚಿತ್ರದುರ್ಗದ ಬಳಿಯ ತಮಟಕಲ್ಲಿನ ಶಾಸನ ಗುಣಮಧುರನೆಂಬವನನ್ನು ಪದ್ಯದಲ್ಲಿ ಹೊಗಳುತ್ತದೆ. ಬಾದಾಮಿಯ ಬಂಡೆಯ ಮೇಲೆ ಸುಮಾರು 700ರಲ್ಲಿ ಬರೆದ ಕಪ್ಪೆ ಅರಭಟ್ಟನ ಶಾಸನ ವೀರಗಲ್ಲಲ್ಲ, ಆದರೂ ವೀರನೊಬ್ಬನ ಗುಣಗಾನವೇ. ಕನ್ನಡದ ತ್ರಿಪದಿಯ ಅತಿ ಹಳೆಯ ಮಾದರಿ ನಮಗೆ ಸಿಗುವುದು ಅಲ್ಲಿ. ಅಚ್ಚಗನ್ನಡ ಛಂದಸ್ಸಿನ ಮೊದಲ ಗುರುತುಗಳೂ ಹೀಗೆ ಶೂರರ ನೆನಪಿಗೇ ಅಂಟಿಕೊಂಡಿವೆ.

ಅಧ್ಯಯನ

ಹಳೆಯ ಮೈಸೂರು ಸಂಸ್ಥಾನದ ಶಾಸನಗಳನ್ನು ಊರೂರು ತಿರುಗಿ ಸಂಗ್ರಹಿಸಿದ ಬಿ. ಎಲ್. ರೈಸ್ ‘ಎಪಿಗ್ರಾಫಿಯ ಕರ್ನಾಟಿಕ’ದ ಮೊದಲ ಸಂಪುಟವನ್ನು 1886ರಲ್ಲಿ ಹೊರತಂದರು. ಮುಂದಿನ ಎರಡು ದಶಕಗಳಲ್ಲಿ 12 ಸಂಪುಟಗಳಾದವು. ವೀರಗಲ್ಲುಗಳ ಪಾಠಗಳು ಅವುಗಳ ತುಂಬ ಇವೆ. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ (1966) ಈ ಸಾಲುಗಳಿಂದ ಒಂದು ಸಮಾಜದ ಬದುಕನ್ನೇ ಕಟ್ಟಿ ತೋರಿಸಿತು. ಎಂ. ಎಂ. ಕಲಬುರ್ಗಿ ಬಲಿದಾನ ಮತ್ತು ವೀರಮರಣದ ಸ್ಮಾರಕಗಳನ್ನು ವಿಂಗಡಿಸಿ ಪರಿಶೀಲಿಸಿದರು. ಆರ್. ಶೇಷಶಾಸ್ತ್ರಿಯವರ ‘ಕರ್ನಾಟಕದ ವೀರಗಲ್ಲುಗಳು’ ಈ ವಿಷಯಕ್ಕೇ ಮೀಸಲಾದ ಗ್ರಂಥ. ಷ. ಶೆಟ್ಟರ್ ಮತ್ತು ಗುಂಥರ್ ಸೋಂಥೈಮರ್ ಸಂಪಾದಿಸಿದ ‘ಮೆಮೋರಿಯಲ್ ಸ್ಟೋನ್ಸ್’ (1982) ಭಾರತದ ಉಳಿದ ಪ್ರಾಂತಗಳ ಕಲ್ಲುಗಳೊಡನೆ ಹೋಲಿಸಿ ನೋಡುವ ದಾರಿ ತೆರೆಯಿತು.

ಶಾಸನ ಓದುವ ಮೊದಲ ಕೆಲಸ ಅಚ್ಚು ತೆಗೆಯುವುದು. ಕಲ್ಲನ್ನು ನೀರು ಹಾಕಿ ಮೆತ್ತನೆಯ ಕುಂಚದಿಂದ ಉಜ್ಜಿ ಪಾಚಿ ಮತ್ತು ಮಣ್ಣು ಬಿಡಿಸುತ್ತಾರೆ. ನೆನೆಸಿದ ಕಾಗದವನ್ನು ಅದರ ಮೇಲೆ ಹರಡಿ, ಗಾಳಿ ಉಳಿಯದಂತೆ ಕುಂಚದಿಂದ ಹದವಾಗಿ ಬಡಿಯುತ್ತಾರೆ. ಕಾಗದ ಅಕ್ಷರಗಳ ಗುಳಿಗೆ ಇಳಿದು ಅರೆ ಒಣಗಿದಾಗ ಬಟ್ಟೆಯ ಉಂಡೆಯಿಂದ ಕಪ್ಪು ಮಸಿ ಒತ್ತುತ್ತಾರೆ. ಮಸಿ ಮೇಲ್ಮೈಗೆ ಹತ್ತುತ್ತದೆ, ಗುಳಿಗೆ ಇಳಿಯುವುದಿಲ್ಲ. ಕಪ್ಪಿನ ನಡುವೆ ಬಿಳಿಯ ಅಕ್ಷರಗಳು ಒಂದೊಂದಾಗಿ ಏಳುತ್ತವೆ. ಸಾವಿರ ವರ್ಷ ಯಾರೂ ಕರೆಯದ ಹೆಸರು ಆ ಕಾಗದದ ಮೇಲೆ ಮೊದಲ ಬಾರಿ ಮತ್ತೆ ಕಾಣುತ್ತದೆ. ಈಗ ಇದರ ಜೊತೆಗೆ ಬೆಂಗಳೂರಿನ ಮಿಥಿಕ್ ಸೊಸೈಟಿಯ ಶಾಸನ ಯೋಜನೆಯಲ್ಲಿ ಕಲ್ಲುಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡುತ್ತಾರೆ. ಕಣ್ಣಿಗೆ ಕಾಣದಷ್ಟು ಸವೆದ ಅಕ್ಷರವೂ ಕಂಪ್ಯೂಟರ್ ಪರದೆಯ ಮೇಲೆ ಬೆಳಕಿನ ಕೋನ ಬದಲಿಸಿದಾಗ ಗೋಚರಿಸುತ್ತದೆ.

ಇಂದಿನ ಸ್ಥಿತಿ

ಶಿವಮೊಗ್ಗದ ಶಿವಪ್ಪನಾಯಕನ ಅರಮನೆ, ಧಾರವಾಡದ ಕನ್ನಡ ಅಧ್ಯಯನ ಪೀಠ, ಹಂಪಿ ಬಳಿಯ ಕಮಲಾಪುರ, ಬೆಂಗಳೂರು, ಇಲ್ಲೆಲ್ಲ ಇರುವ ಸಂಗ್ರಹಾಲಯಗಳಲ್ಲಿ ಒಳ್ಳೆಯ ವೀರಗಲ್ಲುಗಳನ್ನು ನೋಡಬಹುದು. ಬಳ್ಳಿಗಾವಿಯ ಕೇದಾರೇಶ್ವರ ದೇವಾಲಯದ ಆವರಣವೂ ಅಂಥದೇ. ಉಳಿದವು ಊರಿನ ಕೈಯಲ್ಲೇ ಇವೆ. ಕೆಲವು ಹಳ್ಳಿಗಳಲ್ಲಿ ಅವು ವೀರಣ್ಣ, ಬೀರದೇವರು, ಮಾಸ್ತಮ್ಮ ಎಂಬ ಹೆಸರಿನಲ್ಲಿ ಪೂಜೆಗೊಳ್ಳುತ್ತವೆ. ಹೆಸರು ಮರೆತರೂ ಊರು ತನ್ನವನನ್ನು ಬಿಟ್ಟುಕೊಟ್ಟಿಲ್ಲ. ಬೇರೆ ಕಡೆ ಅದೇ ಕಲ್ಲು ಬಟ್ಟೆ ಒಗೆಯುವ ಬಂಡೆಯಾಗಿದೆ, ಮೋರಿಯ ಹಾಸುಗಲ್ಲಾಗಿದೆ, ರಸ್ತೆ ಅಗಲಿಸುವಾಗ ಮಣ್ಣಿನಡಿ ಸೇರಿದೆ. ನಿಧಿಯ ಆಸೆಗೆ ಬುಡ ಅಗೆದು ಉರುಳಿಸಿದ ಕಲ್ಲುಗಳಿಗೂ ಕೊರತೆಯಿಲ್ಲ. ಯಾವ ವೀರಗಲ್ಲಿನ ಕೆಳಗೂ ನಿಧಿ ಇಡುವ ಪದ್ಧತಿ ಇರಲಿಲ್ಲ. ನಿಧಿ ಇರುವುದು ಕಲ್ಲಿನ ಮೇಲೆ, ಅಕ್ಷರದಲ್ಲಿ.

ನೂರು ವರ್ಷಕ್ಕೂ ಹಳೆಯ ಶಿಲ್ಪ ಮತ್ತು ಶಾಸನಗಳು 1972ರ ಕಾಯಿದೆಯ ಪ್ರಕಾರ ಪ್ರಾಚ್ಯವಸ್ತುಗಳು. ಅವನ್ನು ದೇಶದ ಹೊರಗೆ ಸಾಗಿಸುವುದು ಅಪರಾಧ. ಆದರೆ ಸಾವಿರಾರು ಊರುಗಳಲ್ಲಿ ಬಯಲಿಗೆ ಬಿದ್ದ ಕಲ್ಲುಗಳನ್ನು ಕಾಯಿದೆಯೊಂದೇ ಕಾಯಲಾರದು. ಊರಿನ ಬಳಿ ಕೆತ್ತಿದ ಕಲ್ಲು ಕಂಡವರು ಅದಕ್ಕೆ ಎಣ್ಣೆಬಣ್ಣ ಬಳಿಯದೆ, ಸುಣ್ಣ ಹಚ್ಚದೆ, ಅಕ್ಷರ ಕಾಣಲೆಂದು ಮೊಳೆಯಿಂದ ಕೆರೆಯದೆ, ನಾಲ್ಕೂ ಬದಿಯ ಫೋಟೋ ತೆಗೆದು ರಾಜ್ಯದ ಪುರಾತತ್ವ ಇಲಾಖೆಗೋ ಹತ್ತಿರದ ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೋ ತಿಳಿಸಬೇಕು. ಕಲ್ಲು ಇದ್ದಲ್ಲೇ ನೆಟ್ಟಗೆ ನಿಲ್ಲುವಂತೆ ಊರವರೇ ನೋಡಿಕೊಳ್ಳಬೇಕು. ಹೆಬ್ಬಾಳದ ಜನ ಹಾಗೆ ಮಾಡಿದ್ದರಿಂದ ಕಿತ್ತಯ್ಯನ ಹೆಸರು ಉಳಿಯಿತು. ನಿಮ್ಮೂರಿನ ಕೆರೆಯೇರಿಯ ಮೇಲೆ ಬಿದ್ದಿರುವ ಕಲ್ಲಿನಲ್ಲೂ ಒಂದು ಹೆಸರಿರಬಹುದು. ಹೋಗಿ ನೋಡಿ.